ದಮ್ಮಿಲ್ಲದ ಗುಂಡಿನ ಬೆನ್ನುಹತ್ತಿ

ವಿಮಾನ ಹತ್ತುವ ಮೊದಲು

ತಪಾಸಣೆಯ ಮನುಷ್ಯ ದಾವಲಸಾಬರ ಅಂಗೈಯನ್ನು ಒಂದು ಬಿಳಿ ಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಯಂತ್ರದ ಬಾಯಿಗೆ ಇಟ್ಟ. ಯಂತ್ರ ಕೀಂಯ್ ಎಂದು ಕೂಗಿಕೊಂಡಿತು. ಇನ್ನೊಂದು ಪಟ್ಟಿ ತಂದು ಒರೆಸಿದರೂ ಅದೇ ಕೂಗು. ಸಾಲಿನಲ್ಲಿದ್ದವರೆಲ್ಲ ನಮ್ಮಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಏನು ಕೆಲಸ ಮಾಡುತ್ತೀರಿ?” ಎಂದು ಆತ ಹಿಂದಿಯಲ್ಲಿ ಕೇಳಿದ.

ದಾವಲಸಾಬರು ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ. “ಬಂದೂಕು ರಿಪೇರಿ” ಎಂದುಬಿಟ್ಟರು.

ಆಮೇಲೆ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದರು. ಚೀಲಗಳನ್ನೆಲ್ಲ ಸುರುವಿದರು. ಕಡಕ್ ಸಜ್ಜಿ ರೊಟ್ಟಿಯ ಕಟ್ಟನ್ನು ಒಬ್ಬರು ಬಡಿದು ನೋಡಿದರೆ, ಶೇಂಗಾ ಚಟ್ನಿಯನ್ನು ಇನ್ನೊಬ್ಬರು ಮೂಸಿ ಸೀನಿದರು. ಸಾಬರು ಪೊಲೀಸ್ ಇಲಾಖೆಯ ಆಯುಧಾಗಾರದಲ್ಲಿ ಆರ್ಮರರ್ ಆಗಿ, ಅಂದರೆ ಬಂದೂಕು ದುರಸ್ತಿ ಮಾಡುವವರಾಗಿ ದುಡಿದು ನಿವೃತ್ತರಾದವರೆಂದು ನಾನು ಅವರ ಪಿಂಚಣಿ ಕಾರ್ಡು ತೋರಿಸಿ ವಿವರಿಸಿದೆ. ಆದರೆ ಕೈಯಲ್ಲಿ ಸ್ಫೋಟಕದ ವಾಸನೆ ಎಲ್ಲಿಂದ ಬಂತು? ಎಂದು ಅವರು ಮತ್ತೆ ಮತ್ತೆ ಕೇಳಿದರು.

ಅಷ್ಟರಲ್ಲಿ ಸಾಬರಿಗೇ ಹೊಳೆಯಿತು. “ಮಾಸ್ತರ್ರ, ನಿನ್ನಿ ಮುಂಜಾನಿ ಯಮನೂರ ಹೊಲದಾಗ ಗೋವಿನಜ್ವಾಳಕ್ಕ ಗೊಬ್ಬರಾ ಉಗ್ಗೇನ್ರಿ. ಬರಿಗೈಲೆ. ಅದ ಇರಬೇಕು ನೋಡ್ರಿ.”

ಗೊಬ್ಬರದ ಮಾತು ಕೇಳಿ, ಅದಕ್ಕೂ ಯಂತ್ರ ಹೀಗೆ ಕೂಗುವುದನ್ನು ಬಲ್ಲ ಹಿರಿಯ ಅಧಿಕಾರಿಯೊಬ್ಬ ನಕ್ಕುಬಿಟ್ಟ. ಅವನ ತಂದೆಯೂ ರೈತನಂತೆ. ಸಾಬೂನು ಕೊಟ್ಟು ಮೂರು ಸಲ ಕೈ ತೊಳೆಸಿ ನಮ್ಮನ್ನು ಬಿಟ್ಟ. ವಿಮಾನದಲ್ಲಿ ಕೂತ ಮೇಲೂ ಸಾಬರು ಅಂಗೈ ಮೂಸಿಕೊಳ್ಳುತ್ತಲೇ ಇದ್ದರು.

ಅಣ್ಣಿಗೇರಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಹೇಳಿದ ನಾನು, ಬಂದೂಕನ್ನು ದೂರದಿಂದ ಕೂಡ ಬಲ್ಲವನಲ್ಲ. ಆದರೂ ಚೆಕ್ ದೇಶದ ಹಳ್ಳಿಯೊಂದರಲ್ಲಿರುವ ಹಳೆಯ ತೋಟಾಗಳ, ಅಂದರೆ ಬಂದೂಕಿನ ಕಾಡತೂಸುಗಳ ಸಂಗ್ರಹ ನೋಡಲು ಹೊರಟಿದ್ದೆ. ಊರಲ್ಲಿ ಎಲ್ಲರಿಗೂ “ಯುರೋಪ್ ನೋಡಾಕ ಹೊಂಟೇನಿ” ಎಂದಷ್ಟೇ ಹೇಳಿದ್ದೆ. ನಿಜವಾದ ಕಾರಣ ನನ್ನ ಅಜ್ಜ.

ಅಜ್ಜ ಮುಂಬೈ ಸರಕಾರದ ಕಾಲದಲ್ಲಿ ಫೌಜದಾರನಾಗಿದ್ದ. ಈಗಿನ ಸಬ್ ಇನ್‌ಸ್ಪೆಕ್ಟರ್. ಕಲಘಟಗಿ ಕಡೆ ಸಂತೆಗೆ ಹೋಗುವ ವ್ಯಾಪಾರಿಗಳನ್ನು ದೋಚುತ್ತಿದ್ದ ಒಬ್ಬನನ್ನು ಹುಡುಕುತ್ತ, ಮಳೆಗಾಲದ ಒಂದು ಮಧ್ಯಾಹ್ನ ಇಬ್ಬರು ಪೇದೆಗಳ ಜೊತೆ ದುಮ್ಮವಾಡದ ಹಾದಿಯಲ್ಲಿ ಹೋಗುತ್ತಿದ್ದನಂತೆ. ಆ ಮನುಷ್ಯ ಕಂಬಳಿಯ ಕೊಪ್ಪೆ ಹಾಕಿಕೊಂಡು ಎದುರಾದ. ಪೊಲೀಸರನ್ನು ಕಂಡು ಓಡಿದ. ಅಜ್ಜ ಎರಡು ಸಲ ನಿಲ್ಲು ಎಂದು ಕೂಗಿ, ಮೂರನೆಯದಕ್ಕೆ ರಿವಾಲ್ವರ್ ಹಾರಿಸಿದ. ಓಡುತ್ತಿದ್ದವನು ಮುಗ್ಗರಿಸಿ ಬಿದ್ದ. ಬಿದ್ದವನು ಎದ್ದು ಮತ್ತೆ ಓಡಿದ. ಹುಡುಕಿದರೆ ಒಂದು ಹನಿ ರಕ್ತವಿಲ್ಲ, ಗುಂಡೂ ಇಲ್ಲ.

ಪೇದೆಗಳ ಬಾಯಿಂದ ಮಾತು ಹೊರಬಿತ್ತು. ಫೌಜದಾರ ಖಾಲಿ ತೋಟಾ ಹಾರಿಸಿದ, ಕಳ್ಳನ ಜೊತೆ ಒಳಗಿಂದೊಳಗೆ ಮಾತಾಗಿತ್ತು ಎಂದರು. ವಿಚಾರಣೆ ನಡೆಯಿತು. ಏನೂ ಸಾಬೀತಾಗಲಿಲ್ಲ. ಆದರೆ ಅಜ್ಜ ನೌಕರಿ ಬಿಟ್ಟು ನಮ್ಮೂರು ಶಲವಡಿಗೆ ಬಂದು ಒಕ್ಕಲುತನಕ್ಕೆ ನಿಂತ. “ಬಡದದ, ನಾ ಕಣ್ಣಾರೆ ನೋಡೇನಿ. ಗುಂಡಿನ್ಯಾಗ ದಮ್ ಇರಲಿಲ್ಲ” ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಗುಂಡಿಗೆ ದಮ್ಮಿಲ್ಲದಿರುವುದೆಂದರೇನು? ಜನ ನಕ್ಕರು. ಕಂಬಳಿಯನ್ನೂ ದಾಟದ ಗುಂಡು ಹೊಡೆದವನೆಂದು ಕಂಬಳಿ ಫೌಜದಾರ ಎಂದು ಹೆಸರಿಟ್ಟರು.

ಆ ಹೆಸರು ಶಾಲೆಯಲ್ಲಿ ನನಗೂ ಅಂಟಿತು. ನನಗಾಗ ಹನ್ನೆರಡು ವರ್ಷ. ಒಂದು ದಿನ ಅಂಗಿ ಹರಿದುಕೊಂಡು ಮನೆಗೆ ಬಂದವನು, ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ ಅಜ್ಜನಿಗೆ, “ಖರೇ ಗುಂಡ್ ಹೊಡೀಬೇಕಿಲ್ಲೋ! ನಿನ್ನಿಂದ ನನ್ನ ಎಲ್ಲಾರೂ ಕಂಬಳಿ ಅಂತಾರ” ಎಂದು ಚೀರಿದೆ. ಅಜ್ಜ ಬೈಯಲಿಲ್ಲ. ಎದ್ದು ದನದ ಮನೆಗೆ ಹೋದ. ಆಮೇಲೆ ಸಾಯುವತನಕ ಅವನ ಬಾಯಲ್ಲಿ ಆ ಗುಂಡಿನ ಮಾತು ಬರಲಿಲ್ಲ.

ಇದನ್ನು ನಾನು ಹೇಳಿಕೊಂಡದ್ದು ಗೆಳೆಯರಾದ ದಾವಲಸಾಬರೊಬ್ಬರ ಮುಂದೆ. ಅವರು ನಗಲಿಲ್ಲ. “ಯಾವ ನಮೂನಿ ರಿವಾಲ್ವರ್ರಿ? ತೋಟಾ ಯಾವ ಕಾಲದ್ದು?” ಎಂದು ಕೇಳಿದ ಮೊದಲ ಮನುಷ್ಯ ಅವರೇ.

ಬ್ರನೋ

ವಿಯೆನ್ನಾದಲ್ಲಿ ಇಳಿದು ಬಸ್ಸು ಹಿಡಿದು ಬ್ರನೋ ಎಂಬ ಊರಿಗೆ ಬಂದೆವು. ಇಲ್ಲಿಯ ಜನ ಟ್ರಾಮಿನಲ್ಲಿ ಮಾತಾಡುವುದಿಲ್ಲ. ನವಲಗುಂದದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಇಳಿಯುವುದರೊಳಗೆ ಬಾಜೂದವರ ಮನೆಯ ಮದುವೆ ಮಾತನ್ನೂ ಮುಗಿಸಿಬಿಡುವ ನಮಗೆ ಆ ಮೌನ ಭಾರವಾಯಿತು. ಸಾಬರು ಪಿಸುಗುಟ್ಟಿದರು. “ಯಾರರ ತೀರ್ಕೊಂಡಾರೇನ್ರಿ?” ಆದರೆ ಅವರ ಬಿಳಿಗಡ್ಡ ಕಂಡದ್ದೇ ತಡ, ಇಬ್ಬರು ಒಟ್ಟಿಗೆ ಎದ್ದು ನಿಂತು ಸೀಟು ಬಿಟ್ಟರು. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ.

ಊಟದ ವಿಷಯದಲ್ಲಿ ನಾವು ಜೀವನದಲ್ಲಿ ಮೊದಲ ಸಲ ಒಂದೇ ಪಂಕ್ತಿಯವರಾದೆವು. ನಾನು ಲಿಂಗ ಕಟ್ಟಿದವನು, ಅವರಿಗೆ ಹಲಾಲ್ ಆಗಬೇಕು. ಇಬ್ಬರಿಗೂ ಉಳಿದದ್ದು ಬೆಳ್ಳುಳ್ಳಿಯ ಸಾರು, ಆಲೂಗಡ್ಡೆ ಮತ್ತು ಬ್ರೆಡ್ಡು. ಆ ಸಾರು ಮಾತ್ರ ನಮ್ಮ ಬಾಣಂತಿಯರಿಗೆ ಮಾಡುವ ಸಾರಿನಷ್ಟೇ ಖಡಕ್ಕಾಗಿತ್ತು. ಹೋಟೆಲಿನಲ್ಲಿ ನಮ್ಮ ಪಕ್ಕದ ಮೇಜಿನ ಕೆಳಗೆ ಕರುವಿನಷ್ಟು ದೊಡ್ಡ ನಾಯಿ ಮಲಗಿತ್ತು. ಯಾರೂ ಅದನ್ನು ಹಚಾ ಎನ್ನಲಿಲ್ಲ.

ಕರಿ ನೆಲದ ಹಳ್ಳಿ

ಮರುದಿನ ಹನಾ ಎಂಬ ಹೆಣ್ಣುಮಗಳು ಕಾರು ತಂದಳು. ಇಂಗ್ಲಿಷ್ ಕಲಿಸುವ ಶಿಕ್ಷಕಿ, ಐವತ್ತರ ಆಸುಪಾಸು. ಅವಳ ತಂದೆ ಯೋಸೆಫ್ ತೋಟಾ ಸಂಗ್ರಹಿಸುವವರು. ತಮ್ಮಲ್ಲಿದ್ದ ಭಾರತದ ಕೆಲವು ಹಳೆಯ ತೋಟಾಗಳ ಹಿಂಬದಿಯ ಮುದ್ರೆ ಅರ್ಥವಾಗದೆ, ಅವರು ಎರಡು ವರ್ಷದ ಹಿಂದೆ ಅಂತರ್ಜಾಲದಲ್ಲಿ ಚಿತ್ರ ಹಾಕಿದ್ದರು. ದಾವಲಸಾಬರು ಮೊಬೈಲಿನಲ್ಲೇ ಅದನ್ನು ಓದಿ ಹೇಳಿದ್ದರು. ಅಂದಿನಿಂದ ಇಬ್ಬರೂ ಭಾಷೆ ಬಾರದ ಗೆಳೆಯರು. ಚಿತ್ರ ಕಳಿಸುವುದು, ಹೆಬ್ಬೆರಳು ಎತ್ತುವುದು, ಅಷ್ಟೇ.

ಊರು ದಾಟುತ್ತಲೇ ನಾನು ಕಾರು ನಿಲ್ಲಿಸಿ ಎಂದೆ. ರಸ್ತೆಯ ಎರಡೂ ಕಡೆ ಉತ್ತು ಬಿಟ್ಟ ಹೊಲ. ಮಣ್ಣು ಕಪ್ಪು, ಅಗದಿ ನಮ್ಮ ಎರೆಭೂಮಿಯ ಕಪ್ಪು. ಇಳಿದು ಒಂದು ಹೆಂಟೆ ಎತ್ತಿಕೊಂಡೆ. ಬೆರಳಿಗೆ ಅಂಟಿತು. ಸಾಬರು ಮುರಿದು ಮೂಸಿದರು. “ಕಡ್ಲಿ ಬಿತ್ತಿದ್ರ ಏಳತೈತಿ ನೋಡ್ರಿ” ಎಂದರು. ಸಮುದ್ರ ದಾಟಿ ಬಂದು ಮಣ್ಣು ಮೂಸುವ ಇಬ್ಬರು ಮುದುಕರನ್ನು ಹನಾ ಕಾರಿನೊಳಗಿಂದ ನೋಡುತ್ತಿದ್ದಳು.

ಯೋಸೆಫರ ಮನೆಯಲ್ಲಿ ಚಪ್ಪಲಿಯನ್ನು ಹೊರಗೆ ಬಿಡಬೇಕು. ನಮಗೆ ಬಹಳ ಸಮಾಧಾನವಾಯಿತು. ಆದರೆ ಬಂದವರು ಬರಿಗಾಲಲ್ಲಿ ಇರುವಂತಿಲ್ಲ. ಅತಿಥಿಗಳಿಗೆಂದೇ ಬೇರೆ ಬೇರೆ ಅಳತೆಯ ಉಣ್ಣೆಯ ಚಪ್ಪಲಿ ಸಾಲಾಗಿ ಇಟ್ಟಿರುತ್ತಾರೆ. ಸಾಬರಿಗೆ ಸಿಕ್ಕದ್ದು ಹೂವಿನ ಚಿತ್ರದ ಗುಲಾಬಿ ಬಣ್ಣದ್ದು. ಚಹಾದ ಜೊತೆ ಕರಿ ಹೂರಣ ತುಂಬಿದ ಬನ್ನು ಬಂತು. ಗುರೆಳ್ಳು ಚಟ್ನಿ ಎಂದು ತಿಳಿದು ಖಾರಕ್ಕೆ ಸಿದ್ಧವಾಗಿ ಕಚ್ಚಿದೆ. ಸಿಹಿಯಾಗಿತ್ತು! ಅದು ಗಸಗಸೆಯಂತೆ. ನಾವು ಚಿಟಿಕೆ ಲೆಕ್ಕದಲ್ಲಿ ಪಾಯಸಕ್ಕೆ ಹಾಕುವುದನ್ನು ಇವರು ಹಿಡಿಗಟ್ಟಲೆ ತಿನ್ನುತ್ತಾರೆ.

ಆಮೇಲೆ ಯೋಸೆಫ್ ತಮ್ಮ ಕೋಣೆ ತೆರೆದರು. ಗಾಜಿನ ಕಪಾಟುಗಳಲ್ಲಿ ತೋಟಾಗಳು, ನಮ್ಮ ಅಂಗಡಿಗಳಲ್ಲಿ ಕಾಳು ಇಟ್ಟಂತೆ ಬಗೆಬಗೆಯವು. ಮೇಜಿನ ಮೇಲೆ ನಾಲ್ಕನ್ನು ಸಾಲಾಗಿ ನಿಲ್ಲಿಸಿದರು. ಅವರು ಚೆಕ್ ಭಾಷೆಯಲ್ಲಿ ಹೇಳಿದ್ದನ್ನು ಹನಾ ಇಂಗ್ಲಿಷಿಗೆ, ನಾನು ಕನ್ನಡಕ್ಕೆ ತರುವಷ್ಟರಲ್ಲಿ ಸಾಬರಿಗೆ ಆಗಲೇ ತಿಳಿದುಬಿಟ್ಟಿರುತ್ತಿತ್ತು. ಕೊನೆಗೆ ಅವರೇ ನನಗೆ ಪಾಠ ಹೇಳಿದರು.

“ಇದ ನೋಡ್ರಿ, ಫೋರ್ ಫೈವ್ ಫೈವ್. ನಂಬರ ಅಂದ್ರ ಗುಂಡಿನ ದಪ್ಪ. ಬ್ರಿಟಿಷರ ಹಳೀ ಕಾಲದ್ದು. ದಪ್ಪಂದು, ಭಾರ. ಆದ್ರ ಸಾವಕಾಶ ಹೋಗತೈತಿ. ಬ್ಯಾಡಗಿ ಮೆಣಸಿನಕಾಯಿ ಇದ್ದಂಗ, ನೋಡಾಕ ದೊಡ್ಡದು, ಖಾರ ಕಮ್ಮಿ. ಮದ್ಲನೇ ಮಹಾಯುದ್ಧ ಆದಮ್ಯಾಲ, ಈ ಪಿಸ್ತೂಲು ಜಗ್ಗಿ ಒದೀತೈತಿ, ಹೊಸಾ ಸಿಪಾಯಿಗಳ ಕೈಯಾಗ ನಿಂದ್ರೂದಿಲ್ಲ ಅಂತ, ಸಣ್ಣದು ಮಾಡಿದ್ರು. ಇದು ಥರ್ಟಿ ಏಟ್. ನಿಮ್ಮ ಅಜ್ಜಾರ ಕೈಯಾಗ ಇದ್ದದ್ದು ಇದ.”

ನಾನು ಆ ಸಣ್ಣ ಹಿತ್ತಾಳೆಯ ಕೊಳವೆಯನ್ನು ಎತ್ತಿಕೊಂಡೆ. ನನ್ನ ಕಿರುಬೆರಳಿನ ತುದಿಯಷ್ಟಿತ್ತು. ಇದರಿಂದಾಗಿ ಒಂದು ಮನೆತನಕ್ಕೆ ಹೆಸರು ಬಿದ್ದಿತ್ತು.

ಮೂರನೆಯದು ಅಮೆರಿಕದವರದ್ದು. ಅವರು ಅದೇ ದಪ್ಪವನ್ನು ಇಟ್ಟುಕೊಂಡು ಕೊಳವೆಯನ್ನು ಉದ್ದ ಮಾಡಿದರು, ಮದ್ದಿನ ಬಲ ಹೆಚ್ಚಿಸಿದರು. ಮ್ಯಾಗ್ನಂ ಎಂದು ಹೆಸರಿಟ್ಟರು. “ಲವಂಗಿ ಮೆಣಸಿನಕಾಯಿ” ಎಂದರು ಸಾಬರು. ನಾಲ್ಕನೆಯದು ಈಚಿನದು, ಗಜ್ಜರಿಯ ತುಂಡಿನಂತಿತ್ತು. ಅದನ್ನು ಅವರು ಮುಟ್ಟಲೂ ಇಲ್ಲ. “ಇದು ಮನಶ್ಯಾರಿಗೆ ಮಾಡಿದ್ದಲ್ಲ ಬಿಡ್ರಿ. ಕರಡಿಗೆ.”

ಕಾಲ ಹೋದಂತೆ ಶಕ್ತಿ ಏರುತ್ತಲೇ ಹೋಗಿದೆ ಎಂದು ನಾನು ವಿಜ್ಞಾನದ ಮಾಸ್ತರನಾಗಿ ತೀರ್ಮಾನ ಹೇಳಿದೆ. ಯೋಸೆಫ್ ತಲೆ ಅಲ್ಲಾಡಿಸಿದರು. ಹಾಗೇನಿಲ್ಲವಂತೆ. ಏರಿದೆ, ಇಳಿದಿದೆ, ಮತ್ತೆ ಏರಿದೆ. ಮೊದಮೊದಲ ಮ್ಯಾಗ್ನಂ ತೋಟಾಗಳಿಗೆ ಇದ್ದ ಬಿರುಸು ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ತೋಟಾಗಳಿಗೆ ಇಲ್ಲ, ರಿವಾಲ್ವರುಗಳೂ ಹಗುರಾಗಿವೆ ಎಂದರು. ನಮ್ಮ ದೇಶದಲ್ಲಿ ಲೈಸೆನ್ಸ್ ಇರುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಥರ್ಟಿ ಟೂ ಅಂತೂ ಅಜ್ಜನದಕ್ಕಿಂತ ಸಣ್ಣದು ಎಂದು ಸಾಬರು ಸೇರಿಸಿದರು.

“ಅಂದ್ರ ಅಜ್ಜಾರ ಗುಂಡು ಕಂಬಳಿ ದಾಟಂಗಿಲ್ಲೇನ್ರಿ?” ಎಂದೆ.

ಸಾಬರು ನನ್ನ ಕೈಯಲ್ಲಿದ್ದ ತೋಟಾದ ಕಡೆ ನೋಡಿದರು. “ಹೊಸಾದಿದ್ರ ದಾಟತೈತ್ರಿ ಮಾಸ್ತರ್ರ. ಸುಳ್ಳ ಯಾಕ ಹೇಳ್ಲಿ?”

ಅಷ್ಟು ದೂರ ಬಂದು ಆ ಮಾತು ಕೇಳಿ ನಾನು ತೋಟಾವನ್ನು ಮೇಜಿನ ಮೇಲಿಟ್ಟುಬಿಟ್ಟೆ. ಹನಾ ನಮ್ಮ ಮುಖ ನೋಡಿ ಏನಾಯಿತೆಂದಳು. ನಾನು ಇಂಗ್ಲಿಷಿನಲ್ಲಿ ಅಜ್ಜನ ಕಥೆ ಹೇಳಿದೆ. ಅವಳು ತಂದೆಗೆ ಹೇಳಿದಳು. ಯೋಸೆಫ್ ಬಹಳ ಹೊತ್ತು ಕೇಳಿ, ಎರಡೇ ಪ್ರಶ್ನೆ ಹಾಕಿದರು. ಕಂಬಳಿ ಎಷ್ಟು ಮಡಿಕೆ ಇತ್ತು? ತೋಟಾ ಎಲ್ಲಿ ಇಡುತ್ತಿದ್ದರು?

ಕೊಪ್ಪೆ ಎಂದರೆ ಬೆನ್ನಿನ ಮೇಲೆ ಮೂರು ನಾಲ್ಕು ಪದರ, ಅದೂ ಮಳೆಯಲ್ಲಿ ನೆನೆದು ಭಾರವಾದದ್ದು. ಠಾಣೆಯ ತೋಟಾಗಳು ಯುದ್ಧದ ಕಾಲದವು, ಸೋರುವ ಕೋಣೆಯ ತಗಡಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವೆಂದು ಅಜ್ಜ ಹೇಳಿದ್ದ. ಅಷ್ಟು ಹೇಳಿದೆ. ಯೋಸೆಫ್ ಎದ್ದು ಅಟ್ಟ ಹತ್ತಿದರು.

ಗುರಿಕಟ್ಟೆ

ಊರಾಚೆ ಹಳೆಯ ಇಟ್ಟಿಗೆ ಗುಂಡಿಯಲ್ಲಿ ಅವರ ಊರಿನವರು ಗುರಿ ಹೊಡೆಯುವ ಬಯಲಿದೆ. ಮೂರು ಕಡೆ ಮಣ್ಣಿನ ದಿಬ್ಬ. ಯೋಸೆಫ್ ಅಟ್ಟದಿಂದ ತಂದದ್ದು ಒಂದು ದಪ್ಪ ಬೂದು ಕಂಬಳಿ. ಹನಾ ಅದನ್ನು ನೋಡಿದ್ದೇ ಜೋರಾಗಿ ಏನೋ ಅಂದಳು. ಅವರೂ ಏನೋ ಅಂದರು. ಆಮೇಲೆ ಅವಳು ನನಗೆ ವಿವರಿಸಿದಳು. “ಇದು ನನ್ನ ಅಜ್ಜ ಸೈನ್ಯದಿಂದ ತಂದ ಕಂಬಳಿ. ಇದಕ್ಕೆ ಗುಂಡು ಹೊಡೆಯಬೇಡ ಅಂದೆ. ನುಸಿ ತಿನ್ನುವುದಕ್ಕಿಂತ ಒಬ್ಬರ ಪ್ರಶ್ನೆಗೆ ಉತ್ತರವಾಗಲಿ ಅನ್ನುತ್ತಾರೆ.”

ನಾಲ್ಕು ಮಡಿಕೆ ಮಾಡಿ, ಬಕೆಟ್ಟಿನ ನೀರಲ್ಲಿ ಅದ್ದಿ, ಹುಲ್ಲಿನ ಪೆಂಡಿಗೆ ಒರಗಿಸಿದ ಒಂದು ಹಲಗೆಯ ಮುಂದೆ ತೂಗುಬಿಟ್ಟರು. ಅಜ್ಜ ಹೇಳುತ್ತಿದ್ದ ಇಪ್ಪತ್ತು ಮಾರು ಅಳೆದು ಮೇಜಿಟ್ಟರು. ಆ ಕಾಲದ್ದೇ ರಿವಾಲ್ವರ್ ಒಂದನ್ನು ಬಟ್ಟೆ ಬಿಚ್ಚಿ ಹೊರತೆಗೆದಾಗ ದಾವಲಸಾಬರು ಬಿಸ್ಮಿಲ್ಲಾ ಎಂದು ಎರಡೂ ಕೈ ಚಾಚಿದರು. ತಿರುಗಣೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, ನಳಿಗೆಯೊಳಗೆ ಕಣ್ಣಿಟ್ಟರು. “ಕೆಲಸಕ್ಕ ಸೇರಿದ ಮದಲ್ನೇ ದಿನಾ ನನ್ನ ಉಸ್ತಾದ ಕೈಯಾಗ ಕೊಟ್ಟಿದ್ದು ಇಂಥಾದ್ದನ್ರಿ” ಎಂದರು. “ಬಿಚ್ಚಿದೆ. ಜೋಡಸಾಕ ಎರಡ ದಿನಾ ಬೇಕಾತು. ಅಂವ ಬಾಜೂಕ ಕುಂತು ಚಾ ಕುಡದ, ಒಂದ ಮಾತ ಅನ್ನಲಿಲ್ಲ.”

ಯೋಸೆಫರ ಹತ್ತಿರ ಯುದ್ಧಕಾಲದ ಕೆಟ್ಟ ಸ್ಥಿತಿಯ ತೋಟಾ ಐದು ಇದ್ದವು. ಅವರು ಹಾರಿಸಲು ಮುಂದೆ ಬಂದರು, ನಾವು ಮೂವರೂ ಕಿವಿ ಮುಚ್ಚಿಕೊಂಡು ಹಿಂದೆ ನಿಂತೆವು.

ಮೊದಲನೆಯದು ಟಕ್ ಎಂದಿತು, ಹಾರಲೇ ಇಲ್ಲ. ಎರಡನೆಯದು ಕಂಬಳಿ ದಾಟಿ ಹಲಗೆಯಲ್ಲಿ ಸಿಕ್ಕಿತು. ನಾನು ಕಣ್ಣು ಮುಚ್ಚಿದೆ. ಮೂರನೆಯದು ಕಂಬಳಿ ದಾಟಿತು, ಆದರೆ ಹಲಗೆಗೆ ಒಂದು ಗೀರು ಮಾಡಿ ಕೆಳಗೆ ಬಿತ್ತು. ನಾಲ್ಕನೆಯದರ ಸದ್ದೇ ಬೇರೆ. ತುಸ್ ಎಂದಂತೆ, ಹಸಿ ಪಟಾಕಿಯಂತೆ. ಕಂಬಳಿ ಹೊಟ್ಟೆಗೆ ಗುದ್ದಿಸಿಕೊಂಡವರ ಹಾಗೆ ಒಳಕ್ಕೆ ಬಾಗಿ ಮತ್ತೆ ನೆಟ್ಟಗಾಯಿತು. ಹಲಗೆಯಲ್ಲಿ ಹೊಸ ಗುರುತು ಕಾಣಲಿಲ್ಲ. ಯೋಸೆಫ್ ರಿವಾಲ್ವರ್ ಬಿಚ್ಚಿ ನಳಿಗೆಯಲ್ಲಿ ಕೋಲು ಹಾಕಿ ನೋಡಿದರು. ಗುಂಡು ಅಲ್ಲಿ ನಿಂತಿರಲಿಲ್ಲ. ಸಾಬರು ಓಡಿದರು. ಸದಾ ನೋಯುವ ಆ ಮೊಣಕಾಲಲ್ಲಿ ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಒದ್ದೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಮೂರನೆಯ ಪದರದಿಂದ ಏನನ್ನೋ ಕಿತ್ತು ಮೇಲೆತ್ತಿದರು.

“ಮಾಸ್ತರ್ರ! ಕಂಬಳ್ಯಾಗ ಐತ್ರೀ!”

ಐದನೆಯದೂ ಹಾರಲಿಲ್ಲ. ಆಮೇಲೆ ಯೋಸೆಫ್ ಅದೇ ಅಳತೆಯ ಹೊಸ ತೋಟಾ ಹಾರಿಸಿದರು. ಸಾಬರು ಹೇಳಿದಂತೆ ಅದು ಕಂಬಳಿ ದಾಟಿ ಹಲಗೆಯಲ್ಲಿ ಆಳವಾಗಿ ನಾಟಿತು. ಮ್ಯಾಗ್ನಂ ಹಾರಿಸಿದಾಗ ಹಲಗೆ ಎರಡು ಸೀಳಾಯಿತು, ಹುಲ್ಲಿನ ಪೆಂಡಿ ದಾಟಿ ದಿಬ್ಬದ ಮಣ್ಣು ಚಿಮ್ಮಿತು, ನನ್ನ ಕನ್ನಡಕ ಮೂಗಿನಿಂದ ಜಾರಿತು. ನೀವೂ ಹಾರಿಸಿ ಎಂದು ನನಗೆ ಕೊಡಲು ಬಂದರು. ಬೇಡವೆಂದೆ.

ಐದರಲ್ಲಿ ಒಂದು. ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಇಷ್ಟರ ಮೇಲೆ ಸಿದ್ಧಾಂತ ಕಟ್ಟಿದ್ದರೆ ನಾನು ಕಿವಿ ಹಿಂಡುತ್ತಿದ್ದೆ. ಅಜ್ಜ ಹೇಳಿದ್ದು ನಿಜ ಎಂದು ಇದು ಸಾಬೀತು ಮಾಡಲಿಲ್ಲ. ನಿಜವಾಗಿರಬಹುದು ಎಂದಷ್ಟೇ ತೋರಿಸಿತು. ಆದರೆ ಇಷ್ಟು ವರ್ಷ ನಮಗೆ ಆ ‘ಇರಬಹುದು’ ಕೂಡ ಹೊಳೆದಿರಲಿಲ್ಲ. ಆ ಜಜ್ಜಿದ ಗುಂಡನ್ನು ಅಂಗೈಯಲ್ಲಿ ಹಿಡಿದು ಪರದೇಶದ ಇಟ್ಟಿಗೆ ಗುಂಡಿಯಲ್ಲಿ ನಾನು ಅತ್ತೆ. ಯೋಸೆಫ್ ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ಟ್ರಾಮಿನಲ್ಲಿ ಕಂಡ ಅದೇ ಮೌನ. ಈಗ ಅದು ಭಾರವೆನಿಸಲಿಲ್ಲ.

ಗುಂಡನ್ನು ವಿಮಾನದಲ್ಲಿ ತರುವಂತಿರಲಿಲ್ಲ. ಯೋಸೆಫ್ ಅದನ್ನು ತಮ್ಮ ಗಾಜಿನ ಕಪಾಟಿನಲ್ಲಿಟ್ಟು, ಚೀಟಿಯ ಮೇಲೆ ಬರೆಯಲು ಅಜ್ಜನ ಹೆಸರು ಕೇಳಿದರು. ಗಾಜಿನ ಮೇಲೆ ಬಗ್ಗಿ ನಾನೇ ಕನ್ನಡದಲ್ಲಿ ಬರೆದುಕೊಟ್ಟೆ.

ಶಲವಡಿ

ಊರಿಗೆ ಬಂದ ಮೂರನೇ ದಿನ ಶಲವಡಿಗೆ ಹೋದೆ. ಅಜ್ಜನ ಮಕ್ಕಳಲ್ಲಿ ಈಗ ಉಳಿದವಳು ಗಂಗತ್ತಿ ಒಬ್ಬಳೇ. ಎಂಬತ್ತೇಳು ವಯಸ್ಸು, ಕಣ್ಣು ಕಿವಿ ಎರಡೂ ಚುರುಕು. ಸೊಸೆಯಂದಿರು, ಮೊಮ್ಮಕ್ಕಳ ಗದ್ದಲದ ನಡುವೆ ಪಡಸಾಲೆಯಲ್ಲಿ ಕೂತು ಹುರಿಗಡಲೆ ಸ್ವಚ್ಛ ಮಾಡುತ್ತಿದ್ದಳು. ಸಾಬರು ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ಅವಳಿಗೆ ತೋರಿಸಿದೆ. ಕಂಬಳಿ, ಗುಂಡು, ಮೂರನೆಯ ಪದರ, ಎಲ್ಲ.

ಪೂರ್ತಿ ನೋಡಿದಳು. ಮೊಬೈಲನ್ನು ಮೊರದ ಬದಿಗೆ ಇಟ್ಟಳು.

“ಇದನ್ನ ನೋಡಾಕ ಅಷ್ಟ ದೂರ ಹೋಗಿದ್ದೇನ್ಲೇ ಮಲ್ಲ್ಯಾ?”

“ಅಜ್ಜ ಸುಳ್ಳ ಹೇಳಿದ್ದಿಲ್ಲ ಅತ್ತಿ.”

“ಅದು ನನಗ ಗೊತ್ತೈತಿ. ಆ ಮನಶ್ಯಾಗ ನಾನ ಉಣ್ಣಾಕ ನೀಡೇನಿ.”

ನನಗೆ ಅರ್ಥವಾಗಲಿಲ್ಲ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು. ಅಜ್ಜ ನೌಕರಿ ಬಿಟ್ಟು ಎರಡು ಮೂರು ವರ್ಷವಾಗಿತ್ತಂತೆ. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಒಂದು ಮುಂಜಾನೆ ಅಪರಿಚಿತನೊಬ್ಬ ಬಂದು ಅಜ್ಜನ ಮುಂದೆ ಕೂತ. ಅಂದು ಕಂಬಳಿ ಕೊಪ್ಪೆಯಲ್ಲಿ ಓಡಿದವನೇ ಅವನು. ಕಳವು ಬಿಟ್ಟು ಎಲ್ಲಿಯೋ ಆಳಾಗಿ ದುಡಿಯುತ್ತಿದ್ದ. ಫೌಜದಾರ ತನ್ನಿಂದ ಹೆಸರು ಕೆಡಿಸಿಕೊಂಡದ್ದು ಕೇಳಿ ನಿದ್ದೆ ಬರಲಿಲ್ಲವೆಂದು ಹೇಳಿದ. ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಪಕ್ಕೆಲುಬು ಮುರಿದು ಗಂಟಾಗಿ ಕೂಡಿಕೊಂಡಿತ್ತು. ಕಚೇರಿಗೆ ಬಂದು ಎಲ್ಲರ ಮುಂದೆ ತೋರಿಸುತ್ತೇನೆ, ನಡೀರಿ ಎಂದ.

“ಅಪ್ಪಾ ಬ್ಯಾಡ ಅಂದ್ರು” ಎಂದಳು ಗಂಗತ್ತಿ. “ನೀ ಅಲ್ಲಿಗೆ ಬಂದ್ರ ನಿನ್ನ ಒಳಗ ಹಾಕ್ತಾರ. ನಿನಗ ಹೇಣ್ತಿ ಮಕ್ಕಳ ಅದಾವು. ನನಗೇನ, ಒಂದ ಹೆಸರ ಬಿದ್ದೈತಿ, ಬೀಳ್ಲಿ ಅಂದ್ರು. ಯಾರ ಮುಂದೂ ಬಾಯಿ ಬಿಡಬ್ಯಾಡಂತ ನನಗ ಆಣಿ ಹಾಕಿಸಿದ್ರು.”

ಹಾಗಾದರೆ ನಾನು ಕಟ್ಟೆಯ ಮುಂದೆ ನಿಂತು ಚೀರಿದ ದಿನ, ಅಜ್ಜನ ಹತ್ತಿರ ಉತ್ತರವಿತ್ತು. ಆ ಮನುಷ್ಯನ ಹೆಸರು ಹೇಳಿದ್ದರೆ ಸಾಕಿತ್ತು. ಅವನು ದನದ ಮನೆಗೆ ಎದ್ದು ಹೋದ.

“ಆ ಮನಶ್ಯಾ ಇನ್ನೂ ಅದಾನೇನ ಅತ್ತಿ?”

“ಇಲ್ಲ, ತೀರ್ಕೊಂಡು ಬಾಳ ವರ್ಷಾತು.”

“ಮತ್ತ ಆಮ್ಯಾಲರ ಯಾಕ ಹೇಳ್ಲಿಲ್ಲ ನೀ?”

ಗಂಗತ್ತಿ ನನ್ನನ್ನು ನೆಟ್ಟಗೆ ನೋಡಿದಳು. “ಯಾರ ಕೇಳಿದ್ರು? ನೀ ಕೇಳಿದ್ಯಾ?”

ಅಣ್ಣಿಗೇರಿಯಿಂದ ಶಲವಡಿಗೆ ನಾನು ಹಬ್ಬಕ್ಕೆ, ಮದುವೆಗೆ, ಬಿತ್ತಿಗೆಗೆ ಎಂದು ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಕೇಳಿರಲಿಲ್ಲ. ಈಗ ಕೇಳಿದೆ. ಆ ಮನುಷ್ಯ ಹೋಗುವಾಗ ಏನಾಯಿತು, ಏನು ಮಾತಾಡಿಕೊಂಡರು ಎಂದೆ.

ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

“ಉಂಡು ಕೈ ತೊಳಕೊಂಡು ಎದ್ದ. ಅಪ್ಪಾ ಬಾಗಲತನಾ ಹೋಗಿ, ಇನ್ನೂ ನೋಯತೈತೇನಪಾ ಅಂದ್ರು. ಥಂಡ್ಯಾಗ ಒಮ್ಮೊಮ್ಮಿ ಹಿಡೀತೈತ್ರಿ ಅಂದ ಅಂವ. ಅಪ್ಪಾ ಅಂವನ ಬೆನ್ನ ಮ್ಯಾಲ ಕೈ ಇಟ್ರು. ಆಮ್ಯಾಲ ಅಂದ್ರು, ನನಗೂ.”